ನಾರು ಸುತ್ತಿದ ಫಕೀರವ್ವ

ಬಹಳ ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಅಂದರೆ, ನನ್ನ ಅತ್ತೆಗೆ ಅವರ ಅತ್ತೆ ಈ ಕತೆ ಹೇಳುವಾಗಲೂ ಬಹಳ ಹಿಂದೆ ಅಂತಲೇ ಶುರು ಮಾಡುತ್ತಿದ್ದರಂತೆ. ಊರು ಇದೇ. ಬಾವಿ ಇದೇ. ನೀವು ಕೂತಿರುವ ಕಲ್ಲೂ ಇದೇ. ಕಾಲ ಮಾತ್ರ ಬೇರೆ.

ಎಲ್ಲರೂ ಸರಿಯಾಗಿ ಕೂತುಕೊಳ್ಳಿ. ಹೊಸ ಸೊಸೆ ಮುಂದೆ ಬರಲಿ, ಈ ಕತೆ ಅವಳಿಗಾಗಿ. ಆ ಮೂಲೆಯಲ್ಲಿರುವ ಕೊಡವನ್ನು ಯಾರೂ ಮುಟ್ಟಬೇಡಿ, ಅದಕ್ಕೆ ಕೊನೆಯಲ್ಲಿ ಕೆಲಸವಿದೆ. ನಗುವವರು ಈಗಲೇ ನಕ್ಕು ಮುಗಿಸಿ.

ನಮ್ಮದು ಎರೆನೆಲ. ಎಲ್ಲಿ ಅಗೆದರೂ ಸವಳು ನೀರು, ಬೇಳೆ ಬೇಯುವುದಿಲ್ಲ, ಬಾಯಿಗೆ ಹತ್ತುವುದಿಲ್ಲ. ಈ ಪಾವಟಿಗೆ ಬಾವಿಯ, ಅಂದರೆ ಮೆಟ್ಟಿಲು ಬಾವಿಯ, ನೀರೊಂದೇ ಸಿಹಿ. ಯಾವ ಪುಣ್ಯಾತ್ಮ ಕಟ್ಟಿಸಿದನೋ, ನಲವತ್ತೊಂದು ಪಾವಟಿಗೆ. ಊರಿನ ಹೆಂಗಸರೆಲ್ಲ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಊರಿನ ಹೆಂಗಸರೆಲ್ಲ ಅಂದೆ ನೋಡಿ, ಅದು ತಪ್ಪು. ಹಳ್ಳದ ಆಚೆಯ ಕೇರಿಯವರು ಇಳಿಯುವ ಹಾಗಿರಲಿಲ್ಲ. ಅವರು ಇಳಿದರೆ ನೀರು ಕೆಡುತ್ತದೆ ಅಂತ ಊರು ಹೇಳುತ್ತಿತ್ತು. ಅವರು ಬತ್ತಿದ ಹಳ್ಳದ ಮರಳಿನಲ್ಲಿ ಒರತೆ ತೋಡಿ, ಸೋರೆ ಬುರುಡೆಯಲ್ಲಿ ಗುಟುಕು ಗುಟುಕಾಗಿ ಮೊಗೆದು ಕೊಡ ತುಂಬಬೇಕಿತ್ತು. ಒಂದು ಕೊಡಕ್ಕೆ ಅರ್ಧ ಹೊತ್ತು ಹೋಗುತ್ತಿತ್ತು. ನೀರು ಯಾರಿಂದ ಕೆಟ್ಟಿತು ಅನ್ನುವುದು ಮುಂದೆ ಬರುತ್ತದೆ, ತಾಳಿ.

ಆಗ ಊರಿನಲ್ಲಿ ನಾರುಹುಣ್ಣು ಇತ್ತು. ನೀವು ಕಂಡಿಲ್ಲ, ನಾನೂ ಕಂಡಿಲ್ಲ, ಅದು ನಮ್ಮ ಪುಣ್ಯ. ಹೋಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತಿತ್ತಂತೆ. ಕೆಂಡ ಇಟ್ಟ ಹಾಗೆ ಉರಿ. ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದ ತುದಿಯಂಥದ್ದು ಇಣುಕುತ್ತಿತ್ತು. ಅದು ದಾರವಲ್ಲ, ಹುಳ. ಮೊಳ, ಎರಡು ಮೊಳ ಉದ್ದದ ಹುಳ. ತಡೆಯಲಾರದೆ ಎಳೆದರೆ ಹರಿಯುತ್ತಿತ್ತು. ಹರಿದರೆ ಒಳಗೆ ಉಳಿದದ್ದು ಕೊಳೆತು ಕಾಲು ಬಾತುಕೊಂಡು, ಒಬ್ಬ ಕುಂಟನಾಗುತ್ತಿದ್ದ, ಇನ್ನೊಬ್ಬ ಸಾಯುತ್ತಿದ್ದ. ಮುಂಗಾರಿಗೆ ಹೊಲ ಹದ ಮಾಡಬೇಕಾದ ಹೊತ್ತಿಗೆ ಅರ್ಧ ಊರು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಮಲಗಿರುತ್ತಿತ್ತು.

ಯಾಕೆ ಬರುತ್ತದೆ ಅಂತ ಕೇಳಿದರೆ ಬಾಯಿಗೆ ಬಂದಷ್ಟು ಕಾರಣ. ಕರು ಕಟ್ಟಿದ ಹಗ್ಗ ದಾಟಿದವರಿಗೆ ಬರುತ್ತದೆ ಅಂದವರು ಕೆಲವರು. ಹಾವು ಹರಿದ ಜಾಡು ತುಳಿದವರಿಗೆ ಅಂದವರು ಕೆಲವರು. ದೇವಿಯ ಸಿಟ್ಟು ಅಂತೂ ಇದ್ದೇ ಇತ್ತು. ನೀರಿನಿಂದ ಅಂತ ಮಾತ್ರ ಯಾರೂ ಅನ್ನಲಿಲ್ಲ. ಗಂಗವ್ವನ ಮೇಲೆ ಹಾಗೆ ಅನ್ನುವುದಕ್ಕೆ ನಾಲಿಗೆ ಹೊರಳಬೇಕಲ್ಲ.

ಇಂಥ ಊರಿನಲ್ಲಿ ನೇಕಾರ ಸಂಕಪ್ಪನ ಹೆಂಡತಿ ಫಕೀರವ್ವ ಇದ್ದಳು. ಗಂಡ ಮಗ್ಗದ ಕುಣಿಯಲ್ಲಿ ಕೂತು ನೇಯ್ದರೆ ಇವಳು ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ಎಷ್ಟು ಬಿಗಿದರೆ ನೂಲು ಹರಿಯುತ್ತದೆ, ಎಷ್ಟು ಸಡಿಲ ಬಿಟ್ಟರೆ ಜಾರುತ್ತದೆ ಅನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ಒಂದು ಬೇಸಗೆ ಸಂಕಪ್ಪನ ಕಾಲಿನಲ್ಲೇ ನಾರು ಇಣುಕಿತು. ಫಕೀರವ್ವ ಒಂದು ಬೇವಿನ ಕಡ್ಡಿ ತಂದು, ಹುಳದ ತುದಿಯನ್ನು ಅದಕ್ಕೆ ಸಿಕ್ಕಿಸಿ, ಒಂದು ಸುತ್ತು ಸುತ್ತಿ ಕಾಲಿಗೇ ಕಟ್ಟಿದಳು. ಮರುದಿನ ಇನ್ನೊಂದು ಸುತ್ತು. ಅದರ ಮರುದಿನ ಮತ್ತೊಂದು. ಹತ್ತೊಂಬತ್ತನೆಯ ದಿನ ಇಡೀ ಹುಳ ಕಡ್ಡಿಯ ಮೇಲಿತ್ತು. ಸಂಕಪ್ಪ ಎದ್ದು ನಡೆದ. ಆಮೇಲೆ ಒಂದು ವಾಂತಿಭೇದಿಯ ವರ್ಷ ಆತ ಹೋಗಿಬಿಟ್ಟ, ಅದು ಬೇರೆ ಮಾತು. ಆದರೆ ಹೋಗುವಾಗ ಎರಡು ಕಾಲೂ ನೆಟ್ಟಗಿದ್ದವು.

ಅಲ್ಲಿಂದ ಆಕೆಯ ಹೆಸರು ಹಬ್ಬಿತು. ಆಕೆ ಜೋಗುಳ ಹಾಡಿದರೆ ಹುಳ ತಾನೇ ತಲೆ ಹೊರಗೆ ಹಾಕುತ್ತಿತ್ತಂತೆ. ಹುಳಕ್ಕೆ ಕಿವಿ ಇದೆಯೇ ಅಂತ ನನ್ನನ್ನು ಕೇಳಬೇಡಿ, ಹಾಗಂತ ಹೇಳುತ್ತಾರೆ. ಒಬ್ಬನ ಕಾಲಿನಿಂದ ತೆಗೆದ ನಾರು ಹನುಮಪ್ಪನ ಗುಡಿಗೆ ಮೂರು ಸುತ್ತು ಬರುವಷ್ಟಿತ್ತಂತೆ. ನನ್ನ ಅತ್ತೆ ಒಂದೇ ಸುತ್ತು ಅನ್ನುತ್ತಿದ್ದರು, ನಾನು ಅದನ್ನೂ ನಂಬಿಲ್ಲ. ಆದರೆ ಆಕೆಯ ಕೈಯಲ್ಲಿ ಒಂದು ನಾರೂ ಹರಿಯಲಿಲ್ಲ ಅನ್ನುತ್ತಾರಲ್ಲ, ಅದನ್ನು ನಂಬುತ್ತೇನೆ.

ಈಗ ಕಿವಿಗೊಟ್ಟು ಕೇಳಿ. ಆಕೆ ಈ ಕೆಲಸ ಮಾಡುತ್ತಿದ್ದದ್ದು ಎಲ್ಲಿ? ಇಲ್ಲೇ, ಈ ಬಾವಿಯ ಕೊನೆಯ ಪಾವಟಿಗೆಯ ಮೇಲೆ. ತಣ್ಣೀರಿಗೆ ಕಾಲು ಇಟ್ಟರೆ ಉರಿ ಇಳಿಯುತ್ತದೆ, ಹುಳವೂ ನೀರಿನ ತಂಪಿಗೆ ತಾನಾಗಿ ಹೊರಗೆ ಚಾಚುತ್ತದೆ ಅನ್ನುವುದನ್ನು ಆಕೆ ಕಂಡುಕೊಂಡಿದ್ದಳು. ಹುಣ್ಣಿನ ಕಾಲಿನವರನ್ನು ಸಾಲಾಗಿ ಕೂರಿಸಿ ಕಾಲು ನೀರಿಗೆ ಇಳಿಬಿಡಿಸುತ್ತಿದ್ದಳು. ಆಗ ಹುಳದ ಬಾಯಿಂದ ಹಾಲಿನಂಥದ್ದು ನೀರಿಗೆ ಬಿಟ್ಟುಕೊಳ್ಳುತ್ತಿತ್ತು. ನಂಜು ಹೋಯಿತು, ಗಂಗವ್ವ ನುಂಗಿದಳು ಅಂತ ಜನ ಕೈಮುಗಿಯುತ್ತಿದ್ದರು. ನಾಲ್ಕು ಮೊಳದ ಆಚೆಗೆ ಹೆಂಗಸರು ಅದೇ ನೀರನ್ನು ಕೊಡಕ್ಕೆ ತುಂಬುತ್ತಿದ್ದರು.

ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಒಂದೊಂದು ಬೇಸಗೆಯಲ್ಲಿ ಅರವತ್ತು, ಎಪ್ಪತ್ತು ಕಾಲು ಈ ನೀರಿಗೆ ಇಳಿದವು. ವರ್ಷ ಹೋದಂತೆ ಆಕೆಯ ಹೆಸರೂ ಬೆಳೆಯಿತು, ನಾರೂ ಬೆಳೆಯಿತು. ಫಕೀರವ್ವ ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಅಂತ ಜನ ಅನ್ನುತ್ತಿದ್ದರು. ಎರಡನ್ನೂ ಸೇರಿಸಿ ಯೋಚಿಸಿದವರು ಒಬ್ಬರೂ ಇರಲಿಲ್ಲ. ಆಕೆಯೂ ಯೋಚಿಸಲಿಲ್ಲ.

ಫಕೀರವ್ವನಿಗೆ ಒಬ್ಬಳೇ ಮಗಳು, ಶಾವಂತ್ರವ್ವ. ಈ ಹಾಳು ಹುಣ್ಣು ಮಗಳಿಗೆ ಬರಬಾರದು ಅಂತ ಆಕೆ ಹಟ ಹಿಡಿದು, ಮೂರು ದಿನದ ದಾರಿಯ ಹೊಳೆದಂಡೆಯ ಊರಿಗೆ ಕೊಟ್ಟಿದ್ದಳು. ಆ ಊರಿನಲ್ಲಿ ನಾರು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಮಗಳು ಮದುವೆಯಾಗಿ ಆರು ವರ್ಷ ಅಲ್ಲಿ ಸುಖವಾಗಿದ್ದಳು, ತವರಿಗೆ ಬಂದದ್ದೇ ಕಡಿಮೆ. ಚೊಚ್ಚಲ ಹೆರಿಗೆಗೆ ಮಾತ್ರ ತವರಿಗೆ ಬರಬೇಕಲ್ಲ, ಬಂದಳು. ಅದು ಬೇಸಗೆ. ಕೇರಿಯ ಸೂಲಗಿತ್ತಿ ಹುಲಿಗೆವ್ವ ಹೆರಿಗೆ ಮಾಡಿಸಿದಳು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಗಟ್ಟಿ. ಐದು ತಿಂಗಳು ಬಾಣಂತನ ಮಾಡಿ ಫಕೀರವ್ವ ಮಗಳನ್ನು ಗಾಡಿ ಹತ್ತಿಸಿದಳು.

ಮುಂದಿನ ಬೇಸಗೆಗೆ ಅದೇ ಗಾಡಿ ತಿರುಗಿ ಬಂತು. ಗಾಡಿಯಲ್ಲಿ ಶಾವಂತ್ರವ್ವ ಮಲಗಿದ್ದಳು. ಹೊಳೆದಂಡೆಯ ಊರಿನಲ್ಲಿ ಅವಳ ಕಾಲಿಗೆ ಗುಳ್ಳೆ ಎದ್ದಿತ್ತು. ಯಾರೂ ಕಂಡರಿಯದ ರೋಗ. ಬಿಳಿ ದಾರ ಇಣುಕಿದ್ದನ್ನು ನೋಡಿ ಅತ್ತೆ ಮನೆಯವರು ಮುಳ್ಳು ಕೀಳುವ ಹಾಗೆ ಎಳೆದರು. ಅದು ಹರಿಯಿತು. ಕಾಲು ತೊಡೆಯ ತನಕ ಕಪ್ಪಾಗಿತ್ತು. ಎಷ್ಟೋ ಊರುಗಳ ಕಾಲು ಉಳಿಸಿದ ಕೈ ಮಗಳ ಕಾಲಿನ ಮೇಲೆ ಸುಮ್ಮನೆ ಕೂತಿತು, ಯಾಕೆಂದರೆ ಸುತ್ತುವುದಕ್ಕೆ ತುದಿಯೇ ಇರಲಿಲ್ಲ. ಮೂರನೆಯ ದಿನ ಶಾವಂತ್ರವ್ವ ತಾಯಿಯ ತೊಡೆಯ ಮೇಲೆ ಹೋದಳು. ಮಗುವನ್ನು ಅತ್ತೆ ಮನೆಯವರು ಕರೆದುಕೊಂಡು ಹೋದರು. ಇದನ್ನು ಹೇಳುವಾಗ ನನ್ನ ಅತ್ತೆ ಪ್ರತಿ ಸಲವೂ ಅಳುತ್ತಿದ್ದರು.

ಫಕೀರವ್ವ ಅಳಲಿಲ್ಲವಂತೆ. ಒಂದೇ ಮಾತು ಹಿಡಿದು ಕೂತಳಂತೆ. ಆ ಊರಿನಲ್ಲಿ ಯಾರಿಗೂ ಇಲ್ಲದ್ದು ನನ್ನ ಮಗಳಿಗೆ ಹೇಗೆ ಬಂತು? ಇಲ್ಲಿಂದ ಏನು ಒಯ್ದಳು? ಜೋಳ ಅಲ್ಲಿಯೂ ತಿನ್ನುತ್ತಾರೆ, ಕರುವಿನ ಹಗ್ಗ ಅಲ್ಲಿಯೂ ದಾಟುತ್ತಾರೆ, ದೇವಿ ಅಲ್ಲಿಯೂ ಇದ್ದಾಳೆ.

ಆಗ ಹುಲಿಗೆವ್ವ ದುಃಖ ಹಂಚಿಕೊಳ್ಳಲು ಬಂದು ಅಂಗಳದ ಅಂಚಿಗೆ ನಿಂತಳು. ಅವಳನ್ನು ನೋಡುತ್ತಾ ನೋಡುತ್ತಾ ಫಕೀರವ್ವನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷದಲ್ಲಿ ಕೇರಿಯ ಒಂದು ಕಾಲೂ ತನ್ನ ಹತ್ತಿರ ಬಂದಿಲ್ಲ. ಮುಟ್ಟಬಾರದು ಅಂತ ಬರುತ್ತಿಲ್ಲ ಅಂತಲೇ ಆಕೆ ತಿಳಿದಿದ್ದಳು. ನಿಮ್ಮ ಕೇರಿಯಲ್ಲಿ ನಾರು ಯಾರು ತೆಗೆಯುತ್ತಾರೆ ಅಂತ ಕೇಳಿದಳು.

“ನಮಗ್ಯಾಕ ಬರತೈತ್ರೀ ಅವ್ವಾರ?” ಅಂದಳಂತೆ ಹುಲಿಗೆವ್ವ. “ನಮಗ ಬಾವಿ ಇಳಿಯಾಕ ಬಿಡಬೇಕಲ್ಲ ನೀವು. ನಮ್ಮ ತಮ್ಮ ಒಬ್ಬಗ ಬಂದಿತ್ತು. ಅವ ಗೌಡರ ಮನ್ಯಾಗ ಜೀತಕ್ಕಿದ್ದ. ಅಲ್ಲಿ ಅವಗ ಬಾವಿ ನೀರು ಮ್ಯಾಲಿಂದ ಬೊಗಸಿಗೆ ಹೊಯ್ಯತಿದ್ರು.”

ಅಷ್ಟೇ ಮಾತು. ಫಕೀರವ್ವ ಎದ್ದವಳೇ ಬಾವಿಗೆ ಹೋಗಿ ಒಂದು ಕೊಡ ತುಂಬಿ ತಂದು, ನೆತ್ತಿಯ ಮೇಲಿನ ಬಿಸಿಲಿಗೆ ಕಂಚಿನ ಗಂಗಾಳದಲ್ಲಿ ಹೊಯ್ದು ಬಗ್ಗಿ ನೋಡಿದಳು. ಎಳೆ ನೂಲಿನ ಗಂಟು ಹುಡುಕುವ ಕಣ್ಣು ಅದು. ನೀರಿನಲ್ಲಿ ಧೂಳಿನಂಥ ಚುಕ್ಕೆಗಳಿದ್ದವು. ಧೂಳು ಕುಪ್ಪಳಿಸುವುದಿಲ್ಲ, ಇವು ಕುಪ್ಪಳಿಸುತ್ತಿದ್ದವು. ಹುಲಿಗೆವ್ವನ ಒರತೆಯ ನೀರು ತರಿಸಿ ನೋಡಿದಳು, ಚುಕ್ಕೆ ಇರಲಿಲ್ಲ. ಬಾವಿಯ ನೀರನ್ನೇ ಸೆರಗು ನಾಲ್ಕು ಮಡಿಕೆ ಮಾಡಿ ಸೋಸಿದಳು, ಚುಕ್ಕೆ ಬಟ್ಟೆಯ ಮೇಲೆ ಉಳಿದವು. ಹುಳ ನೀರಿಗೆ ಬಿಡುತ್ತಿದ್ದ ಆ ಹಾಲು ಎಲ್ಲಿ ಹೋಗುತ್ತಿತ್ತು ಅನ್ನುವುದು ಆಗ ಆಕೆಗೆ ತಿಳಿಯಿತು. ದೇವಿ ಬಂದು ಕಿವಿಯಲ್ಲಿ ಹೇಳಿದಳು ಅನ್ನುತ್ತಾರೆ ಕೆಲವರು. ದೇವಿಗೇನು ಕೆಲಸ, ಅಷ್ಟು ವರ್ಷ ಸುಮ್ಮನಿದ್ದವಳಿಗೆ? ಕೇರಿಯ ಹೆಂಗಸು ಹೇಳಿದಳು, ಕಣ್ಣು ನೋಡಿತು, ಅಷ್ಟೇ.

ಆಕೆ ಊರಿನ ಕಟ್ಟೆಗೆ ಹೋಗಿ ನಿಂತಳು. ಹುಣ್ಣಿನ ಕಾಲು ಬಾವಿಗೆ ಇಳಿಸಬೇಡಿ, ಹುಳ ಬಿಡುವ ಹಾಲಿನಿಂದಲೇ ನೀರು ಕೆಡುತ್ತದೆ, ಅದನ್ನು ಕುಡಿದರೆ ಮುಂದಿನ ಬೇಸಗೆಗೆ ಕಾಲಿನಲ್ಲಿ ಏಳುತ್ತದೆ ಅಂದಳು. ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಅಂದಳು. ಈ ನೀರು ತಿಳಿಯಾಗುವ ತನಕ ಕೇರಿಯವರ ಒರತೆಯ ನೀರು ಕುಡಿಯೋಣ ಅಂದಳು. ಕಾಲು ಇಳಿಸಲು ಕಲಿಸಿದಾಕೆ ನೀನೇ ಅಲ್ಲವೇ ಅಂತ ಜನ ಕೇಳಿದರು.

“ಹೌದ್ರೆಪಾ, ನಾನಽ,” ಅಂದಳಂತೆ. “ನನ್ನ ಮಗಳಿಗೆ ಹುಳ ಕುಡಿಸಿದಾಕಿ ನಾನಽ. ಬಾಣಂತಿಗೆ ಬೊಗಸಿ ಬೊಗಸಿ ಕುಡಿಸೀನಿ.”

ಮಗಳ ಮಾತಿಗೆ ಜನ ಮರುಗಿದರು. ಆದರೆ ಕೇರಿಯ ನೀರು ಕುಡಿಯೋಣ ಅಂದ ಮಾತಿಗೆ ಕಟ್ಟೆಯೇ ಎದ್ದು ನಿಂತಿತು. ಮಗಳು ಸತ್ತು ತಲೆ ಕೆಟ್ಟಿದೆ ಅಂದರು. ಗಂಗವ್ವನ ಮೇಲೆ ಅಪವಾದ ಹೊರಿಸಿದಳು ಅಂದರು. ಆಕೆ ಮಾತು ಬೆಳೆಸದೆ, ತನ್ನ ಹಿಂದೆ ಬಂದಿದ್ದ ಹುಲಿಗೆವ್ವನ ಕೊಡದ ನೀರನ್ನು ಎಲ್ಲರ ಎದುರಿಗೆ ಕುಡಿದಳು. ನೇಕಾರ ಓಣಿಯವರು ಅಂದೇ ಆಕೆಯನ್ನು ಹೊರಗಿಟ್ಟರು. ಬೆಂಕಿ ಕೊಡಲಿಲ್ಲ, ನೂಲು ಕೊಡಲಿಲ್ಲ.

ಆಮೇಲೆ ಆಕೆ ಮನೆ ಬಿಟ್ಟು ಇಲ್ಲಿ, ಬಾವಿಯ ಮೇಲಿನ ಪಾವಟಿಗೆಯಲ್ಲಿ ಕೂತಳು. ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದವರನ್ನು ತಡೆದು, ಅವರ ಕೊಡ ಕಸಿದುಕೊಂಡು ತಾನೇ ಇಳಿದು ತುಂಬಿ ತರುತ್ತಿದ್ದಳು. ನಲವತ್ತೊಂದು ಪಾವಟಿಗೆ ಇಳಿಯುವುದು, ಹತ್ತುವುದು. ಕಣ್ಣು ತಪ್ಪಿಸಿ ಇಳಿದವರು ಎಷ್ಟೋ. ಕಲ್ಲು ಎಸೆದವರೂ ಇದ್ದರು. ಅದೇ ಜನ ನಾರು ಇಣುಕಿದಾಗ ಮಾತ್ರ ಬಂದು ಕಾಲು ಚಾಚುತ್ತಿದ್ದರು. ಆಕೆ ಬೈಯದೆ, ಬಾವಿಯಿಂದ ದೂರ ಕೂರಿಸಿ, ಗಡಿಗೆ ನೀರಿನಲ್ಲಿ ಕಾಲು ಇಡಿಸಿ ಸುತ್ತುತ್ತಿದ್ದಳು. ಗಡಿಗೆಯ ನೀರನ್ನು ಬಿಸಿ ಬಂಡೆಯ ಮೇಲೆ ಚೆಲ್ಲಿ ಒಣಗಿಸುತ್ತಿದ್ದಳು.

ಹೀಗೆ ಒಂದು ವರ್ಷ. ಮತ್ತೆ ಬೇಸಗೆ ಬಂತು. ಆ ಬೇಸಗೆ ಫಕೀರವ್ವನ ಕಾಲಿನಲ್ಲೇ ಗುಳ್ಳೆ ಎದ್ದಿತು.

ಊರು ನಕ್ಕಿತು. ಕೇರಿಯ ನೀರು ಕುಡಿದಾಕೆಗೂ ನಾರು ಬಂತಲ್ಲ, ಈಗ ಏನು ಹೇಳುತ್ತೀ ಅಂತ ಬಂದು ಬಂದು ಕೇಳಿದರು. ಇದು ಈ ವರ್ಷದ್ದಲ್ಲ, ಮಗಳು ಸಾಯುವ ಮುಂಚೆ ಕುಡಿದ ನೀರು, ನನ್ನ ಮಗಳಿಗೂ ವರ್ಷ ಕಳೆದ ಮೇಲೆಯೇ ಬಂದದ್ದು ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉರಿ ತಡೆಯಲಾರದೆ ಇವಳೇ ಬಾವಿಗೆ ಇಳಿಯುತ್ತಾಳೆ, ನೋಡೋಣ ಅಂತ ಕಾದರು. ಕೆಳಗೆ ಅಷ್ಟು ತಣ್ಣನೆಯ ನೀರು. ಕಾಲಿನಲ್ಲಿ ಕೆಂಡ. ಆಕೆ ಇಳಿಯಲಿಲ್ಲ. ಹುಲಿಗೆವ್ವ ದಿನವೂ ಒಂದು ಗಡಿಗೆ ನೀರು ತಂದು ಇಡುತ್ತಿದ್ದಳು. ಫಕೀರವ್ವ ಅದರಲ್ಲಿ ಕಾಲು ಇಟ್ಟುಕೊಂಡು, ಬೇವಿನ ಕಡ್ಡಿಗೆ ತನ್ನ ನಾರನ್ನು ತಾನೇ ದಿನಕ್ಕೊಂದು ಸುತ್ತು ಸುತ್ತುತ್ತಿದ್ದಳು. ಹನ್ನೊಂದು ಸುತ್ತು ಆಗಿತ್ತಂತೆ.

ಹನ್ನೆರಡನೆಯ ದಿನ ಭರಮಪ್ಪ ಅನ್ನುವವನು ಬಂದ. ಒಳ್ಳೆಯ ಒಕ್ಕಲಿಗ, ಕೆಟ್ಟವನಲ್ಲ. ಎರಡು ಕಾಲಿನಲ್ಲೂ ನಾರು ಎದ್ದು, ನೋವಿನಿಂದ ಕಣ್ಣು ಕತ್ತಲೆ ಬಂದಿತ್ತು. ಆಕೆ ತಡೆದರೂ ಕೇಳದೆ, ಗೋಡೆ ಹಿಡಿದುಕೊಂಡು ಧಡಧಡ ಇಳಿಯತೊಡಗಿದ. ಫಕೀರವ್ವ ಕಾಲಿಗೆ ಕಟ್ಟಿದ ಕಡ್ಡಿಯನ್ನು ಮರೆತು ಎದ್ದು ಓಡಿದಳು. ನೀರಿಗೆ ಎರಡು ಪಾವಟಿಗೆ ಇರುವಾಗ ಅವನ ಧೋತರದ ಚುಂಗು ಸಿಕ್ಕಿತು. ಅಷ್ಟರಲ್ಲಿ ಕಡ್ಡಿ ಕಲ್ಲಿನ ಸಂದಿಗೆ ಸಿಕ್ಕಿ, ನಾರು ಹರಿಯಿತು.

ಆಕೆಯ ಕೈಯಲ್ಲಿ ಎಂದೂ ಹರಿಯದ ನಾರು ಆಕೆಯ ಕಾಲಿನಲ್ಲೇ ಹರಿಯಿತು. ಭರಮಪ್ಪ ತಿರುಗಿ ನೋಡಿದ. ಹರಿದರೆ ಏನಾಗುತ್ತದೆ ಅಂತ ಊರಿನ ಮಗುವಿಗೂ ಗೊತ್ತಿತ್ತು. ಅವನು ನೀರಿಗೆ ಕಾಲು ಇಡಲಿಲ್ಲ. ಆ ಎರಡು ಹುಣ್ಣಿನ ಕಾಲಿನ ಮೇಲೆಯೇ ಆಕೆಯನ್ನು ಹೊತ್ತು ಮೇಲೆ ತಂದ. ಈ ಭರಮಪ್ಪ ಯಾರು ಅಂತ ಕೇಳುತ್ತೀರಾ? ನಮ್ಮ ಮನೆಯವನೇ, ಎಷ್ಟನೆಯ ತಲೆಯೋ ಗೊತ್ತಿಲ್ಲ. ತಂಗಿ, ನೀನು ತುಂಬಿ ಬಂದಿರುವುದು ಅದೇ ಮನೆಯನ್ನು. ಅದಕ್ಕೇ ಈ ಕತೆಯನ್ನು ನಾವೇ ಹೇಳಬೇಕು.

ಕಾಲು ಕಪ್ಪಾಯಿತು. ಕಾರಹುಣ್ಣಿಮೆಗೆ ಒಂದು ದಿನ ಇರುವಾಗ ಫಕೀರವ್ವ ಇದೇ ಮೇಲಿನ ಪಾವಟಿಗೆಯ ಮೇಲೆ ಪ್ರಾಣ ಬಿಟ್ಟಳು. ತಲೆ ಹುಲಿಗೆವ್ವನ ತೊಡೆಯ ಮೇಲಿತ್ತು. ಹುಣ್ಣಿನ ಕಾಲು ಇಳಿಸಬೇಡಿ, ಬಟ್ಟೆ ಕಟ್ಟಿ ಸೋಸಿ, ನಾನು ಕುಡಿದ ನೀರನ್ನು ನೀವೂ ಒಮ್ಮೆ ಕುಡಿಯಿರಿ ಅಂತ ಭರಮಪ್ಪನಿಗೆ ಹೇಳಿ ಕಣ್ಣು ಮುಚ್ಚಿದಳಂತೆ.

ಆಮೇಲೆ ಊರು ಬುದ್ಧಿ ಕಲಿಯಿತು ಅಂದುಕೊಂಡಿರಾ? ಎಲ್ಲಿಯ ಬುದ್ಧಿ! ಭರಮಪ್ಪನ ಮನೆಯೊಂದು ಸೋಸಿ ಕುಡಿಯಿತು. ಉಳಿದವರು ಹೆದರಿದರು. ಫಕೀರವ್ವ ದೆವ್ವವಾಗಿ ಮೇಲಿನ ಪಾವಟಿಗೆಯಲ್ಲಿ ಕೂತಿದ್ದಾಳೆ, ಹುಣ್ಣಿನ ಕಾಲಿನವರು ಇಳಿದರೆ ಹಿಡಿಯುತ್ತಾಳೆ ಅಂತ ಸುದ್ದಿ ಹಬ್ಬಿತು. ಬದುಕಿದ್ದವಳ ಮಾತು ಕೇಳದ ಜನ ಸತ್ತವಳಿಗೆ ಹೆದರಿ ದೂರ ನಿಂತರು. ಹುಣ್ಣಿನ ಕಾಲು ಒಂದೂ ಇಳಿಯಲಿಲ್ಲ. ಮರುವರ್ಷ ನಾರು ಅರ್ಧಕ್ಕಿಂತ ಕಡಿಮೆಯಾಯಿತು. ಅದರ ಮರುವರ್ಷ ಏಳೆಂಟು ಜನಕ್ಕೆ ಬಂತು. ನಾಲ್ಕನೆಯ ಬೇಸಗೆ ಒಂದು ಕಾಲಿನಲ್ಲೂ ಏಳಲಿಲ್ಲ. ಆಗ ಅವಳು ದೆವ್ವವಲ್ಲ, ದೇವರು ಅಂದರು. ಹಾಗಂತ ಈಗಲೂ ಹೇಳುತ್ತಾರೆ.

ಈಗ ಊರಿಗೆ ನಲ್ಲಿ ಬಂದಿದೆ, ಬಾವಿಯಲ್ಲಿ ಪಾಚಿ ಇದೆ. ಆದರೂ ಕಾಲಿಗೆ ಗಾಯವಾದವರು ಈ ಪಾವಟಿಗೆ ಇಳಿಯುವುದಿಲ್ಲ. ಸೊಸೆ ಬಂದರೆ ಅತ್ತೆ ಮೊದಲು ಸೆರಗು ನಾಲ್ಕು ಮಡಿಕೆ ಮಾಡಿ ನೀರು ಸೋಸುವುದನ್ನು ತೋರಿಸುತ್ತಾಳೆ. ನಲ್ಲಿಯ ಬಾಯಿಗೂ ಬಟ್ಟೆ ಕಟ್ಟಿರುವುದನ್ನು ನೀವೇ ನೋಡಿದ್ದೀರಿ. ನೇಕಾರ ಓಣಿಯವರು ವರ್ಷಕ್ಕೊಮ್ಮೆ ಇಲ್ಲಿ ಒಂದು ಕಂಡಿಕೆ ಇಟ್ಟು ಹೋಗುತ್ತಾರೆ, ಆಕೆಯನ್ನು ಹೊರಗಿಟ್ಟವರ ವಂಶದವರೇ.

ಆಕೆ ಮೂರು ಮಾತು ಹೇಳಿದ್ದಳು, ನಾವು ಎರಡನ್ನು ಇಟ್ಟುಕೊಂಡೆವು. ಮೂರನೆಯದಕ್ಕೆ ಊರು ಒಂದು ಉಪಾಯ ಮಾಡಿತು. ಕಾರಹುಣ್ಣಿಮೆಯ ಹಿಂದಿನ ದಿನ, ಅಂದರೆ ಇವತ್ತು, ಹುಲಿಗೆವ್ವನ ವಂಶದ ಹೆಂಗಸು ಹಳ್ಳದ ಒರತೆಯಿಂದ ಒಂದು ಕೊಡ ನೀರು ತಂದು ಇಡುತ್ತಾಳೆ. ನಮ್ಮ ಮನೆಯವರು ಅದನ್ನು ಈ ಕಲ್ಲಿನ ಮೇಲೆ ಹೊಯ್ದು ಕೈಮುಗಿಯುತ್ತೇವೆ. ಕುಡಿಯಿರಿ ಅಂದಿದ್ದಳು, ಕಲ್ಲಿಗೆ ಹೊಯ್ಯುತ್ತೇವೆ. ನನ್ನ ಅತ್ತೆ ಹೊಯ್ದರು. ನಲವತ್ತು ವರ್ಷ ನಾನೂ ಹೊಯ್ದಿದ್ದೇನೆ. ಪ್ರತಿ ವರ್ಷ ಕುಡಿಯಬೇಕು ಅನ್ನಿಸುತ್ತಿತ್ತು, ಜನ ಏನೆನ್ನುತ್ತಾರೋ ಅಂತ ಹೆದರಿ ಹೊಯ್ದುಬಿಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ತಂಗಿ, ಏಳು. ಬೇವಿನ ಮರದ ಹತ್ತಿರ ದೂರ ನಿಂತಿದ್ದಾಳಲ್ಲ, ನೀರು ತಂದ ಹುಡುಗಿ, ಅವಳನ್ನು ಕರೆ. ಅವಳೇ ಕೊಡ ಎತ್ತಲಿ. ಸೋಸುವುದು ಬೇಡ, ಮರಳು ಸೋಸಿದೆ. ಇಗೋ, ಬೊಗಸೆ ಹಿಡಿದಿದ್ದೇನೆ. ಮೇಲಿಂದ ಹೊಯ್ಯಲಿ.